ಕುಂಡದೊಳಗಿನ ಮನೆ ಓನರ್

ಅಕ್ವಾಪೋನಿಕ್ಸ್, ಅಂದರೆ ಮೀನಿನ ತೊಟ್ಟಿಯ ನೀರಿನಲ್ಲೇ ಗಿಡ ಬೆಳೆಸುವುದು, ಶುರು ಮಾಡಿದಾಗಿನಿಂದ ನನ್ನ ಗಮನವೆಲ್ಲ ಮೇಲಿನ ಸೊಪ್ಪಿನ ಮೇಲೇ. ಕೆಳಗೆ ಬರೀ ಬೋಳು ತೊಟ್ಟಿ. ನನ್ನ ನೆರಳು ಬಿದ್ದರೆ ಸಾಕು, ತಿಲಾಪಿಯಾ ಮೀನುಗಳು ದಡಬಡ ಅಂತ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದವು.

ಅವಕ್ಕೆ ಅಡಗಲು ಜಾಗ ಇರಲಿ ಅಂತ ಹೋದ ತಿಂಗಳು ಉಳಿದಿದ್ದ 4 ಇಂಚಿನ ಪಿವಿಸಿ ಪೈಪ್ ತುಂಡು ಮಾಡಿ, ಮೀನಿನ ಮೈ ಗೀರದಂತೆ ಅಂಚು ಉಜ್ಜಿ, ತಳಕ್ಕೆ ಬಿಟ್ಟೆ. ಜೊತೆಗೊಂದು ಹಳೇ ಮಣ್ಣಿನ ಕುಂಡ. ಸುಣ್ಣದ ಕಲ್ಲು ಹಾಕುವ ಯೋಚನೆಯಿತ್ತು, ಬಿಟ್ಟೆ. ಅದು ನಿಧಾನಕ್ಕೆ ಕರಗಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸುತ್ತದೆ, ಆಮೇಲೆ ಗಿಡಕ್ಕೆ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ.

ಎರಡು ದಿನ ಯಾವುದೂ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಕುಂಡದ ಬಾಯಲ್ಲಿ ಒಂದು ಮೂತಿ! ದೊಡ್ಡದೊಂದು ಒಳಗೆ ಕೂತು, ಕಿವಿರು ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು. ಬಂದವರನ್ನೆಲ್ಲ ಅಟ್ಟುತ್ತದೆ, ಪಕ್ಕಾ ಮನೆ ಓನರ್. ಜಗಳ ತಪ್ಪಿಸಲು ಇನ್ನೂ ಎರಡು ಕುಂಡ ಹಾಕಬೇಕಾಯಿತು.

ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕ ಮೇಲೇ ಅವು ಹೊರಗೆ ಜಾಸ್ತಿ ಓಡಾಡುತ್ತಿವೆ. ವಿಚಿತ್ರ ಅಲ್ವಾ?

ತಲೆನೋವು ಒಂದೇ. ಕುಂಡದ ಹಿಂದೆ ಹಿಕ್ಕೆ ನಿಲ್ಲುತ್ತದೆ. ತೆಗೆಯದಿದ್ದರೆ ಅಲ್ಲೇ ಕೊಳೆತು, ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಇವತ್ತು ಅದಕ್ಕೇ ಕುಂಡ ಎತ್ತಿದೆ. ಓನರ್ ಇಳಿಯಲೇ ಇಲ್ಲ, ಕುಂಡದ ಜೊತೆ ಮೇಲೆ ಬಂದುಬಿಟ್ಟಿತು.