ಕಲಾ ಪದವಿ: ಕೊನೆಯ ವರ್ಷದ ಪಠ್ಯಕ್ರಮ ಮೊದಲು ನೋಡಿ

ಕಲಾ ಪದವಿಗೆ ಸೇರುವವರು ಎಡವುವುದು ಹೆಚ್ಚಾಗಿ ವಿಷಯದ ಹೆಸರಿಗೆ ಮರುಳಾಗಿ. ಮೊದಲ ವರ್ಷದ್ದು ಬರೀ ಪೀಠಿಕೆ; ಕೊನೆಯ ವರ್ಷದ ಪಠ್ಯಕ್ರಮ ತೆರೆದು ನೋಡಿ. ಅಲ್ಲಿನ ಐಚ್ಛಿಕ ಪತ್ರಿಕೆಗಳಲ್ಲಿ ನಿಜಕ್ಕೂ ಪಾಠ ನಡೆಯುವುದು ಯಾವುದೆಂದು ವಿಭಾಗದಲ್ಲೇ ವಿಚಾರಿಸಿ. ಕಲಿಸುವವರಿಲ್ಲದೆ ಉದ್ದದ ಪಟ್ಟಿ ಎರಡಕ್ಕೆ ಇಳಿಯುವುದುಂಟು.

ಮನೋವಿಜ್ಞಾನ ಅಂದರೆ ಬರೀ ಮನಸ್ಸಿನ ಮಾತು ಅಂದುಕೊಂಡವರಿಗೆ ಸಂಖ್ಯಾಶಾಸ್ತ್ರ ಎದುರಾಗುತ್ತದೆ. ತತ್ವಶಾಸ್ತ್ರದಲ್ಲಿ ತರ್ಕ ತಪ್ಪಿದ್ದಲ್ಲ. ‘ಮಳೆ ಬಂದರೆ ನೆಲ ಒದ್ದೆ. ನೆಲ ಒದ್ದೆಯಾಗಿದೆ. ಹಾಗಾದರೆ ಮಳೆ ಬಂದಿದೆ.’ ಇದರಲ್ಲಿ ದೋಷವೆಲ್ಲಿ ಎಂದು ಹುಡುಕುವುದು ಖುಷಿ ಕೊಟ್ಟರೆ ಧೈರ್ಯವಾಗಿ ಸೇರಿ. ಇತಿಹಾಸಕ್ಕೆ ಇಸವಿ ಬಾಯಿಪಾಠ ಸಾಲದು. ಒಂದೇ ಘಟನೆಯನ್ನು ಎರಡು ದಾಖಲೆಗಳು ಬೇರೆಬೇರೆಯಾಗಿ ಹೇಳುವುದೇಕೆ ಎಂದು ಕೆದಕುವ ತಾಳ್ಮೆ ಬೇಕು.

ಅಂಕ ಪರೀಕ್ಷೆಗೆಷ್ಟು, ಪ್ರಬಂಧಕ್ಕೆಷ್ಟು ಎಂಬುದನ್ನೂ ಕೇಳಿಕೊಳ್ಳಿ. ನಿಧಾನವಾಗಿ ತಿದ್ದಿ ಬರೆಯುವವರಿಗೆ ಮೂರು ಗಂಟೆಯ ಪರೀಕ್ಷೆಯೇ ಶತ್ರು.