ಪುಷ್ಯ ಮಳೆಯಲ್ಲಿ ಮನೆಯ ಜಾಗ ನೋಡಿದ್ದು

ಪ್ಲಾನ್ ಬರೆಯುವ ಮೊದಲು ಜೋರು ಮಳೆಯಲ್ಲಿ ಒಮ್ಮೆ ಜಾಗ ನೋಡಲೇಬೇಕು ಅಂತ ಆರ್ಕಿಟೆಕ್ಟ್ ಹಟ ಹಿಡಿದರು. ಪುಷ್ಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಗ್ಗೆ ಶಿವಮೊಗ್ಗದಿಂದ ಬಂದೂ ಬಿಟ್ಟರು. ನಮ್ಮದು ಸಾಗರದ ಕಡೆಯ ಹಳ್ಳಿ. ಕೆಳಗೆ ಪೂರ್ವಕ್ಕೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ನಡುವಿನ ಇಳಿಜಾರಿನಲ್ಲಿ, ಹಳೇ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟುವುದು ಅಂತಾಗಿತ್ತು.

ಅಣ್ಣನ ಲೆಕ್ಕ ಸರಳ. ಜೆಸಿಬಿ ತರಿಸುವುದು, ಧರೆ, ಅಂದರೆ ಗುಡ್ಡದ ಮಣ್ಣಿನ ಅಂಚು, ಕಡಿದು ಜಾಗ ಮಟ್ಟ ಮಾಡುವುದು, ಆರ್‌ಸಿಸಿ ಮನೆ ಎಬ್ಬಿಸುವುದು. ನಮ್ಮ ಕಡೆ ಈಗ ಹೆಚ್ಚಿನವರು ಮಾಡುವುದು ಹಾಗೇ. ಅವನು ಸುಮ್ನೆ ಹೇಳಿದ್ದಲ್ಲ. ಅಮ್ಮನಿಗೆ ಮಂಡಿನೋವು. ಇಳಿಜಾರಿಗೆ ತಕ್ಕಂತೆ ಕಟ್ಟಿದರೆ ಮೆಟ್ಟಿಲು ಜಾಸ್ತಿ ಆಗುತ್ತದೆ ಅನ್ನುವುದು ಅವನ ಚಿಂತೆ.

ಆರ್ಕಿಟೆಕ್ಟ್ ಅದಕ್ಕೆ ಏನೂ ಹೇಳಲಿಲ್ಲ. ಕೊಪ್ಪೆ ಹಾಕಿಕೊಂಡು ಒಂದು ಕಟ್ಟು ಬಿದಿರು ಗೂಟ ಹಿಡಿದು ಹೊರಟರು. ಬೆಟ್ಟದಿಂದ ನೀರು ಎಲ್ಲೆಲ್ಲಿ ಇಳಿಯುತ್ತದೋ ಅಲ್ಲೆಲ್ಲ ಗೂಟ ಹೊಡೆಯುತ್ತಾ ಹೋದೆವು. ಬೇಸಿಗೆಯಲ್ಲಿ ಒಂದೇ ಥರ ಕಾಣುವ ಜಾಗ ಅದು. ಈಗ ನೋಡಿದರೆ ಹಲಸಿನ ಮರದ ಎರಡೂ ಪಕ್ಕ ನೀರಿನ ದಾರಿ. ಮರದ ಕೆಳಗೆ ಮಾತ್ರ ನೀರು ತಿಳಿಯಾಗಿತ್ತು. ಬೇರು ಮಣ್ಣು ಬಿಟ್ಟುಕೊಟ್ಟಿರಲಿಲ್ಲ. ಸ್ವಲ್ಪ ಆಚೆ, ಗಿಡಗಂಟಿ ಸವರಿದ ಕಡೆ, ಕೆಂಪು ಕೆಸರು.

ಆಮೇಲೆ ಕೊಟ್ಟಿಗೆ ಹಿಂದಿನ ಹಳೇ ಧರೆ ಹತ್ತಿರ ಹೋದೆವು. ಮೇಲೆ ಗಟ್ಟಿ ಜಂಬಿಟ್ಟಿಗೆ ಪದರ, ಅದರಡಿ ಜೇಡಿಯಂಥ ಮೆತ್ತನೆ ಶೇಡಿ ಮಣ್ಣು. ಎರಡೂ ಸೇರುವ ಗೆರೆಯುದ್ದಕ್ಕೂ ನೀರು ಜಿನುಗುತ್ತಿತ್ತು. ಅವರು ಅಣ್ಣನನ್ನು ಕರೆದು ಅಲ್ಲಿ ಬೆರಳು ಒತ್ತಿ ನೋಡಿ ಅಂದರು. ಬೆಣ್ಣೆಗೆ ಚುಚ್ಚಿದ ಹಾಗೆ ಬೆರಳು ಒಳಗೆ ಹೋಯಿತು. ಜಂಬಿಟ್ಟಿಗೆ ತೂತು ತೂತು ಕಲ್ಲು, ನೀರು ಇಳಿದು ಹೋಗುತ್ತದೆ. ಶೇಡಿಗೆ ಬಂದ ಮೇಲೆ ಇಳಿಯಲು ದಾರಿಯಿಲ್ಲ, ಅಲ್ಲೇ ನಿಲ್ಲುತ್ತದೆ. ನೀರು ಕುಡಿದ ಶೇಡಿಗೆ ಬಲವೇ ಇರುವುದಿಲ್ಲ. ನಾವು ಧರೆ ಕಡಿದರೆ ಗುಡ್ಡದ ಬುಡದ ಆಸರೆಯನ್ನೇ ತೆಗೆದ ಹಾಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ಊರೂರೇ ಹಾಳಾಯಿತಲ್ವಾ, ಅಲ್ಲೂ ರಸ್ತೆಗೆ ಮನೆಗೆ ಅಂತ ಇಳಿಜಾರು ಕಡಿದದ್ದು ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದರು. ಅಣ್ಣ ಬೆರಳು ಒರೆಸಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತ. ಜೆಸಿಬಿ ಮಾತು ಮತ್ತೆ ಎತ್ತಲಿಲ್ಲ.

"ತಂಗಿ, ಕಾಲು ನೋಡಿಕೋ, ಉಂಬಳ ಹತ್ತಿದೆ" ಅಂತ ಅಮ್ಮ ಜಗಲಿಯಿಂದಲೇ ಕೂಗಿದರು. ಆ ಜಿಗಣೆ ಕಚ್ಚಿದಲ್ಲಿಗೆ ಸುಣ್ಣ ಹಚ್ಚಿಕೊಂಡು, ಕಾಫಿ ಕುಡಿಯುತ್ತಾ ಅಲ್ಲೇ ಮನೆಯ ಮೊದಲ ಗೆರೆ ಬಿತ್ತು.

ಇಳಿಜಾರಿಗೆ ಅಡ್ಡಲಾಗಿ, ಉದ್ದಕ್ಕೆ ಮನೆ. ಅಗಲ ಒಂದೇ ಕೋಣೆಯಷ್ಟು. ಹಾಗಾದರೆ ಕಡಿಯುವ ಮಣ್ಣು ತೀರಾ ಕಡಿಮೆ, ಎಲ್ಲ ಕೋಣೆಗೂ ಎರಡು ಕಡೆಯಿಂದ ಗಾಳಿ. ಅಡುಗೆಮನೆ, ಅಪ್ಪ ಅಮ್ಮನ ಕೋಣೆ, ಬಚ್ಚಲು, ಜಗಲಿ ಎಲ್ಲ ಒಂದೇ ಮಟ್ಟದಲ್ಲಿ. ಅಮ್ಮ ದಿನವಿಡೀ ಓಡಾಡಿದರೂ ಒಂದು ಮೆಟ್ಟಿಲು ಹತ್ತಬೇಕಿಲ್ಲ. ಮಕ್ಕಳ ಕೋಣೆ, ನಾನು ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವ ಕೋಣೆ ನಾಲ್ಕು ಮೆಟ್ಟಿಲು ಮೇಲೆ.

ಅತ್ತಿಗೆ ಮೊಬೈಲಿನಲ್ಲಿ ದೊಡ್ಡ ದೊಡ್ಡ ಗಾಜಿನ ಮನೆಗಳ ಫೋಟೋ ಕೂಡಿಟ್ಟಿದ್ದರು. ಗಾಜು ಬೇಡ ಅಂತ ಯಾರೂ ಅನ್ನಲಿಲ್ಲ. ತೋಟದ ಕಡೆಗೆ, ಪೂರ್ವಕ್ಕೆ ಬಂತು. ಪಡುವಣ ನಮಗೆ ಎರಚಲಿನ ದಿಕ್ಕು. ಮೊದಲೆಲ್ಲ ಆ ಗೋಡೆಗೆ ಮಳೆಗಾಲ ಬಂತೆಂದರೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ಬದಿಗೆ ಕಿಟಕಿ ಸಣ್ಣದು, ಮಾಡಿನ ಚಾಚು ನಾಲ್ಕು ಅಡಿ. ಗೋಡೆಗೆ ಜಂಬಿಟ್ಟಿಗೆ, ಹೊರಗಡೆ ಗಾರೆ ಇಲ್ಲ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು ಅದು.

ಮಾಡಿಗೆ ಹಳೇ ಮನೆಯ ಮಂಗಳೂರು ಹಂಚೇ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚು ನಮ್ಮ ಮಳೆಗೆ ಇವತ್ತಿಗೂ ಸರಿಯಾಗಿ ಒಗ್ಗುತ್ತದೆ. ಆದರೆ ಇಳಿಜಾರು 30 ಡಿಗ್ರಿಯಾದರೂ ಬೇಕು. ಇಲ್ಲದಿದ್ದರೆ ಗಾಳಿಮಳೆಗೆ ಸಂದಿಯಲ್ಲಿ ನೀರು ಒಳಗೆ ನುಗ್ಗುತ್ತದೆ. ಹಂಚು ಹೊರುವ ಪಕಾಸಿ, ರೀಪು ಮರದ ಬದಲು ಕಬ್ಬಿಣದ್ದು. ಕೆಳಗೆ ಇನ್ನೊಂದು ಪದರ ಸೀಲಿಂಗ್ ಹಂಚು.

ಗೋಡೆಗೆ ಹಸಿರು ಬಣ್ಣ ಬಳಿದು, ಕುಂಡದಲ್ಲಿ ಗಿಡ ಇಟ್ಟು, ಹಿಂದಿನ ಗುಡ್ಡ ಕೊಚ್ಚಿದ ಮನೆಯನ್ನು ನಿಸರ್ಗದ ಮಡಿಲಿನ ಮನೆ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೀರಿನ ದಾರಿ ತಪ್ಪಿಸದ ಮನೆಯೇ ಆ ಜಾಗಕ್ಕೆ ಹೊಂದುವ ಮನೆ. ಹಲಸಿನ ಮರ ಉಳಿಸಿದ್ದೂ ಚಂದಕ್ಕಲ್ಲ.

ಮಳೆ ಬಿಟ್ಟ ಮೇಲೆ ಮೊದಲು ಆಳು ಕರೆಸಿದ್ದು ಪಾಯಕ್ಕಲ್ಲ, ಅಗಳಿಗೆ, ಅಂದರೆ ನೀರು ಹರಿಯುವ ಕಂದಕಕ್ಕೆ. ಗೂಟಗಳ ಗುರುತು ಹಿಡಿದು, ಬೆಟ್ಟದ ನೀರು ಮನೆಯ ಹಿಂದಿನಿಂದ ಸುತ್ತಿ ತೋಟದ ಕಾಲುವೆಗೆ ಸೇರುವ ಹಾಗೆ ತೋಡಿಸಿದೆವು. ಈಗ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಬಚ್ಚಲಿನ ಚರ್ಚೆ ಮಾತ್ರ ಇನ್ನೂ ನಡೆಯುತ್ತಿದೆ. ಅಮ್ಮನಿಗೆ ಹಂಡೆ, ಒಲೆ ಬೇಕೇ ಬೇಕು. ಅತ್ತಿಗೆಗೆ ಸೋಲಾರ್. ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರುವಂತಿಲ್ಲವಲ್ಲ, ಎರಡಕ್ಕೂ ಜಾಗ ಬಿಡಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ.