ಹ್ಯಾವ್‌ಲಾಕ್‌ನಲ್ಲಿ ಮದುವೆ: ಹೊರಡುವ ಮುಂಚೆ ನಮ್ಮವರು ತಿಳಿದಿರಬೇಕಾದ್ದು

ಅಕ್ಕನ ಮಗಳ ಮದುವೆ ಬರುವ ಫೆಬ್ರವರಿಯಲ್ಲಿ, ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪದಲ್ಲಿ. ಹುಡುಗ ಹುಡುಗಿ ಇಬ್ಬರೂ ಅಲ್ಲೇ ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವುದನ್ನು, ಕಲಿಯುವಾಗ ಪರಿಚಯ ಆದವರು, ಹಾಗಾಗಿ ಜಾಗದ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಹಾಸನ, ಮೈಸೂರು, ಬೆಂಗಳೂರಿನಿಂದ ಹೊರಡುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಹಲವರಿಗೆ ಸಮುದ್ರದ ಮೇಲೆ ಪ್ರಯಾಣ ಇದೇ ಮೊದಲು. ಅಕ್ಕ ಮತ್ತು ನಾನು ಮೊದಲೇ ಹೋಗಿ ಜಾಗ ನೋಡಿಕೊಂಡು ಬಂದೆವು. ಅಷ್ಟು ದೂರಕ್ಕೆ ಹಿರಿಯರನ್ನು ಕರೆಸಿಕೊಳ್ಳುವಾಗ ಅವರಿಗೆ ಎಲ್ಲವನ್ನೂ ಮುಂಚೆಯೇ ಹೇಳಬೇಕಾದ್ದು ಕರೆದವರ ಜವಾಬ್ದಾರಿ. ಅಲ್ಲಿಗೆ ಬೇರೆ ಯಾರದ್ದಾದರೂ ಮದುವೆಗೆ ಹೊರಟವರಿಗೂ ಇದು ಉಪಯೋಗಕ್ಕೆ ಬರಬಹುದು.

ಎಲ್ಲಕ್ಕಿಂತ ಮುಖ್ಯ ಅಂದರೆ ಹೊತ್ತು. ಅಂಡಮಾನ್‌ನಲ್ಲೂ ಗಡಿಯಾರ ನಮ್ಮದೇ. ಆದರೆ ದ್ವೀಪ ಬೆಂಗಳೂರಿಗಿಂತ ತುಂಬಾ ಪೂರ್ವಕ್ಕಿದೆ, ಹೆಚ್ಚುಕಮ್ಮಿ 15 ಡಿಗ್ರಿ. ಅಂದರೆ ಸೂರ್ಯ ಅಲ್ಲಿ ಒಂದು ಗಂಟೆ ಮುಂಚೆಯೇ ಹುಟ್ಟಿ, ಒಂದು ಗಂಟೆ ಮುಂಚೆಯೇ ಮುಳುಗುತ್ತಾನೆ. ಫೆಬ್ರವರಿ ಮಧ್ಯದಲ್ಲಿ ಬೆಳಿಗ್ಗೆ 5:40ರ ಹೊತ್ತಿಗೆ ಸೂರ್ಯೋದಯ, ಸಂಜೆ 5:20ರ ಹೊತ್ತಿಗೆ ಸೂರ್ಯಾಸ್ತ. ಆರು ಗಂಟೆಗೆಲ್ಲ ಕತ್ತಲೆ.

ಮುಹೂರ್ತಕ್ಕೂ ಇದು ಬಹಳ ದೊಡ್ಡ ವಿಷಯ. ಬೆಂಗಳೂರಿನ ಪಂಚಾಂಗದಲ್ಲಿ ಒಂಬತ್ತೂವರೆಗೆ ಶುರುವಾಗುವ ಲಗ್ನ ಅಲ್ಲಿ ಎಂಟೂವರೆ ಆಸುಪಾಸಿನಲ್ಲೇ ಶುರುವಾಗುತ್ತದೆ. ರೆಸಾರ್ಟ್‌ನವರು ಮೊದಲು ಸೂಚಿಸಿದ್ದು ಭಾನುವಾರ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ ಧಾರೆ. ಫೋಟೋಗೆ ಚೆನ್ನಾಗಿರುತ್ತದೆ, ನಿಜ. ಆದರೆ ಭಾನುವಾರದ ರಾಹುಕಾಲ ಹಗಲಿನ ಕೊನೇ ಎಂಟನೇ ಭಾಗ. ನಮ್ಮ ಕ್ಯಾಲೆಂಡರಿನಲ್ಲಿ ನಾಲ್ಕೂವರೆಯಿಂದ ಆರು ಅಂತ ಇರುತ್ತದಲ್ವಾ, ಅಲ್ಲಿ ಅದು ನಾಲ್ಕಕ್ಕೆ ಸ್ವಲ್ಪ ಮುಂಚೆ ಹಿಡಿದು ಸೂರ್ಯಾಸ್ತದವರೆಗೆ. ಅವರು ಹೇಳಿದ ಹೊತ್ತು ಪೂರ್ತಿ ರಾಹುಕಾಲದೊಳಗೇ ಬೀಳುತ್ತಿತ್ತು. ನಮ್ಮ ಪುರೋಹಿತರು ದ್ವೀಪದ ಅಕ್ಷಾಂಶ ರೇಖಾಂಶ ಕೇಳಿ ತಗೊಂಡು, ಹಾಳೆ ಮೇಲೆ ಹೊಸದಾಗಿ ಲೆಕ್ಕ ಹಾಕಿ, ಬೆಳಗಿನ ಲಗ್ನವನ್ನೇ ಇಟ್ಟುಕೊಟ್ಟರು. ಹಾಗಾಗಿ ಮನೆಯಲ್ಲಿರುವ ಕ್ಯಾಲೆಂಡರ್ ನೋಡಿ "ಇನ್ನೂ ಹೊತ್ತಿದೆ" ಅಂತ ಕೂರಬೇಡಿ. ಲಗ್ನಪತ್ರಿಕೆಯಲ್ಲಿ ಇರುವುದೇ ಸರಿಯಾದ ಸಮಯ. ನಾಲ್ಕು ಗಂಟೆಗೆ ಎದ್ದರೆ ಸ್ನಾನ, ಕಾಫಿ, ಸೀರೆ ಎಲ್ಲ ನಿಧಾನವಾಗಿ ಮುಗಿಯುತ್ತದೆ. ಐದೂಕಾಲಿಗೆಲ್ಲ ಹೊರಗೆ ಬೆಳಕು ಬಿಟ್ಟಿರುತ್ತದೆ, ಏಳುವುದು ಕಷ್ಟ ಆಗುವುದಿಲ್ಲ.

ಇನ್ನು ಹೆಸರುಗಳು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ್. ಟಿಕೆಟ್‌ನಲ್ಲಿ ಒಂದು, ಬೋರ್ಡ್‌ನಲ್ಲಿ ಇನ್ನೊಂದು, ಆಟೋದವರ ಬಾಯಲ್ಲಿ ಮತ್ತೊಂದು ಇದ್ದರೆ ಗಾಬರಿ ಬೇಡ, ಎಲ್ಲ ಒಂದೇ.

ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆಯಿಂದ ಮೂರು ಗಂಟೆ. ಹ್ಯಾವ್‌ಲಾಕ್‌ನಲ್ಲಿ ವಿಮಾನ ನಿಲ್ದಾಣ ಇಲ್ಲ, ಪೋರ್ಟ್ ಬ್ಲೇರ್‌ನಿಂದ ಹಡಗೇ ಗತಿ. ಮ್ಯಾಕ್ರುಝ್, ನಾಟಿಕಾ ಥರದ ಖಾಸಗಿ ಹಡಗುಗಳು ಒಂದೂವರೆ ಎರಡು ಗಂಟೆಯಲ್ಲಿ ತಲುಪಿಸುತ್ತವೆ. ಸರ್ಕಾರಿ ಹಡಗು ಅದಕ್ಕಿಂತ ನಿಧಾನ, ದರ ಕಡಿಮೆ. ಖಾಸಗಿಯವು ಕಾರಿನಂತೆ ಒಳಗೇ ಕೂತು ಹೋಗುವಂಥವು, ಏಸಿ ಇರುತ್ತದೆ. ವಿಮಾನ ಮಧ್ಯಾಹ್ನ ಇಳಿದರೆ ಅವತ್ತೇ ಹಡಗು ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ ಇದ್ದು, ಮರುದಿನ ಬೆಳಗಿನ ಹಡಗು ಹಿಡಿಯುವುದೇ ಒಳ್ಳೆಯದು. ಆ ಸಂಜೆ ಸೆಲ್ಯುಲರ್ ಜೈಲಿಗೆ ಹೋಗಿ ಬನ್ನಿ. ಏಳು ಸಾಲು ಕಟ್ಟಡಗಳಲ್ಲಿ ಈಗ ಉಳಿದಿರುವುದು ಮೂರು. ಆ ಕೋಣೆಗಳ ಮುಂದೆ ನಿಂತರೆ ಮಾತೇ ಹೊರಡುವುದಿಲ್ಲ.

ಹಡಗು ಹತ್ತುವಾಗ ಟಿಕೆಟ್ ಜೊತೆ ಮೂಲ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕಾರ್ಡನ್ನು ಸೂಟ್‌ಕೇಸ್‌ನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ. ಹೊರಡುವ ಸಮಯಕ್ಕೆ ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಬೇಕು. ಜೆಟ್ಟಿಯಿಂದ ಹಡಗಿಗೆ ಹಾಕಿರುವ ಹಲಗೆ ಅಲೆಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಮಂಡಿನೋವು ಇರುವವರು ಸೀರೆ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿಕೊಂಡು, ಎರಡೂ ಕೈ ಖಾಲಿ ಇಟ್ಟುಕೊಂಡು, ಸಿಬ್ಬಂದಿ ಕೈ ಹಿಡಿದು ದಾಟಿ. ಬ್ಯಾಗ್ ಹಿಡಿದುಕೊಳ್ಳಲು ಪ್ರತಿ ಗುಂಪಿನ ಜೊತೆ ನಮ್ಮ ಹುಡುಗರು ಇರುತ್ತಾರೆ. ಫೆಬ್ರವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ. ಆದರೂ ಬಸ್ಸಿನಲ್ಲೇ ವಾಂತಿ ಆಗುವವರು ನಿಮ್ಮ ಡಾಕ್ಟರನ್ನು ಕೇಳಿ ಮಾತ್ರೆ ತನ್ನಿ. ಹಡಗು ಹೊರಡುವ ಮುಂಚೆಯೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮಧ್ಯದ ಸೀಟಿನಲ್ಲಿ ಕೂತರೆ ಅಲುಗಾಟ ಕಡಿಮೆ.

ಮದುವೆ ಹಿಂದಿನ ದಿನವೇ ಬಂದಿಳಿಯುತ್ತೇವೆ ಅನ್ನುವವರಿಗೆ ನನ್ನ ಕಳಕಳಿಯ ವಿನಂತಿ, ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಜೋರಾದರೆ ಹಡಗುಗಳು ನಿಂತುಬಿಡುತ್ತವೆ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್‌ನಲ್ಲೇ ಉಳಿದುಬಿಟ್ಟಿದ್ದರು, ಕೊನೆಗೆ ನೌಕಾಪಡೆ ಹಡಗುಗಳು ಹೋಗಿ ಕರೆತಂದವು. ನಾವು ಡಿಸೆಂಬರ್ ಬಿಟ್ಟು ಫೆಬ್ರವರಿ ಇಟ್ಟುಕೊಂಡಿದ್ದೇ ಈ ಕಾರಣಕ್ಕೆ. ವಾಪಸ್ ಹೋಗುವಾಗಲೂ ಹಡಗು ಮತ್ತು ವಿಮಾನದ ನಡುವೆ ಒಂದು ರಾತ್ರಿ ಬಿಡಿ.

ಸಾಮಾನು ಕಟ್ಟುವ ವಿಷಯಕ್ಕೆ ಬರೋಣ. ಟಿಕೆಟ್‌ನಲ್ಲಿ ಬೇರೆ ಹೇಳದಿದ್ದರೆ ತಲೆಗೆ 15 ಕೆಜಿ ಅಂತ ಲೆಕ್ಕ ಇಟ್ಟುಕೊಳ್ಳಿ. ದೊಡ್ಡಮ್ಮ ಫೋನ್ ಮಾಡಿ, "ಮಡಿಲು ತುಂಬೋಕೆ ಕೊಬ್ಬರಿ ಬಟ್ಟಲು ನಾನೇ ತರ್ತೀನಿ ಕಣೇ" ಅಂದರು. ಬೇಡ ದೊಡ್ಡಮ್ಮ. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕರ್ಪೂರ, ಬೆಂಕಿಪೊಟ್ಟಣವೂ ಅಷ್ಟೇ. ಅಂಡಮಾನ್‌ನಲ್ಲಿ ತೆಂಗು, ಅಡಿಕೆ ಎರಡೂ ಬೆಳೆಯುತ್ತಾರೆ. ಕೊಬ್ಬರಿ ಪೋರ್ಟ್ ಬ್ಲೇರ್‌ನಲ್ಲೇ ತಗೊಳ್ಳುತ್ತೇವೆ, ಕರ್ಪೂರವೂ ಅಲ್ಲೇ. ಬಾಸಿಂಗ, ಅಂತರಪಟ, ಜೀರಿಗೆ, ಬೆಲ್ಲ, ಅಕ್ಷತೆ ನಮ್ಮ ಮನೆಯಿಂದ ಬರುತ್ತದೆ. ಮಲ್ಲಿಗೆ ಹೂವನ್ನು ಬಾಳೆಎಲೆಯಲ್ಲಿ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಹುಡುಗರು ಕೈಯಲ್ಲೇ ತರುತ್ತಾರೆ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲಿರಲಿ, ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿರಲಿ. ಉಡುಗೊರೆಯನ್ನು ಅಲ್ಲಿಗೆ ಹೊತ್ತು ತರಬೇಡಿ, ಹಾಸನದಲ್ಲಿ ಬೀಗರೂಟ ಇದೆಯಲ್ಲ, ಅಲ್ಲಿ ಕೊಡಿ.

ಹಗಲು 30 ಡಿಗ್ರಿ ಆಸುಪಾಸು, ಗಾಳಿಯಲ್ಲಿ ತೇವ ಜಾಸ್ತಿ. ಭಾರೀ ಜರಿ ಸೀರೆ ಮುಹೂರ್ತಕ್ಕೆ ಒಂದು ಸಾಕು, ಉಳಿದಿದ್ದೆಲ್ಲ ಹತ್ತಿ ಇರಲಿ. ಮರಳಲ್ಲಿ ಹಿಮ್ಮಡಿ ಚಪ್ಪಲಿ ಹೂತುಹೋಗುತ್ತದೆ, ಚಪ್ಪಟೆ ಚಪ್ಪಲಿ ತನ್ನಿ. ಮರಳುನೊಣ ಕಚ್ಚಿದರೆ ನವೆ ದಿನಗಟ್ಟಲೆ ಬಿಡುವುದಿಲ್ಲ, ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೊಳ್ಳಿ.

ಚಪ್ಪರ ಹಾಕುವುದು ದ್ವೀಪದ ಪೂರ್ವ ತೀರದಲ್ಲಿ, ರೆಸಾರ್ಟ್‌ನ ತೆಂಗಿನ ತೋಪಿನೊಳಗೆ. ಮರಳ ಮೇಲೇ ಹಾಕೋಣ ಅಂತ ಮದುಮಗಳಿಗೆ ಆಸೆ ಇತ್ತು. ಆದರೆ ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಉಬ್ಬರ ಜಾಸ್ತಿ, ನೀರು ತೋಪಿನ ಅಂಚಿಗೇ ಬರುತ್ತದೆ. ಒಣ ಎಲೆ, ಕಡ್ಡಿ ಸಾಲಾಗಿ ಬಿದ್ದಿರುವ ಗೆರೆ ನೋಡಿದರೆ ನೀರು ಎಲ್ಲಿವರೆಗೆ ಬಂದು ಹೋಗಿದೆ ಅಂತ ಗೊತ್ತಾಗುತ್ತದೆ. ಆ ಗೆರೆಯಿಂದ ಒಳಗೆ ಜಾಗ ಗುರುತು ಮಾಡಿದ್ದೇವೆ. ಹೋಮಕುಂಡಕ್ಕೆ ಗಾಳಿ ಬಡಿಯದ ಹಾಗೆ ಸಮುದ್ರದ ಕಡೆ ಮರೆ ಕಟ್ಟಿಸುತ್ತೇವೆ. ಇಳಿತ ಇರುವಾಗ ಈ ತೀರದಲ್ಲಿ ಬಂಡೆ, ಹವಳದ ಚೂರು ಮೇಲೆ ಕಾಣುತ್ತವೆ, ಬರಿಗಾಲಲ್ಲಿ ಇಳಿಯಬೇಡಿ. ಈಜುವ ಆಸೆ ಇರುವವರಿಗೆ ಪಶ್ಚಿಮದ ರಾಧಾನಗರ ಬೀಚ್. ಮೆತ್ತನೆ ಬಿಳಿ ಮರಳು, ಹಿಂದೆ ದೊಡ್ಡ ಕಾಡು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂತ ಹೊಗಳಿದ್ದು ಇದನ್ನೇ. ಸೂರ್ಯಾಸ್ತ ನೋಡಬೇಕಾದ್ದು ಅಲ್ಲಿ, ನಾಲ್ಕು ಗಂಟೆಗೇ ಗಾಡಿ ಹೊರಡುತ್ತದೆ. ಜೀವರಕ್ಷಕರು ತೋರಿಸಿದ ಜಾಗದಲ್ಲೇ ನೀರಿಗಿಳಿಯಿರಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆ ಬೋರ್ಡ್ ಇದ್ದರೆ ಅಲ್ಲಿಂದ ಮುಂದೆ ಹೋಗಲೇಬೇಡಿ.

ಊಟದ ಚಿಂತೆ ಬೇಡ, ಅಡುಗೆಯವರು ನಮ್ಮ ಕಡೆಯವರೇ. ದಿನಸಿ ಬಹುಪಾಲು ಹಡಗಿನಲ್ಲಿ ಬರುವುದರಿಂದ ತರಕಾರಿ ಏನು ಸಿಗುತ್ತೋ ಅದರ ಮೇಲೆ ಪಲ್ಯ. ಫಿಲ್ಟರ್ ಕಾಫಿಪುಡಿ ನಾವು ತರುತ್ತೇವೆ.

2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೂ ಫೋನ್‌ಪೇ ಒಂದನ್ನೇ ನೆಚ್ಚಿಕೊಳ್ಳಬೇಡಿ, ಸ್ವಲ್ಪ ನಗದು ಇರಲಿ. ಬಿಪಿ, ಶುಗರ್ ಮಾತ್ರೆ ನಿಮಗೆ ಬೇಕಾದ್ದಕ್ಕಿಂತ ಒಂದು ವಾರದಷ್ಟು ಜಾಸ್ತಿ ತನ್ನಿ, ಜೊತೆಗೆ ಡಾಕ್ಟರ್ ಚೀಟಿ. ದ್ವೀಪದಲ್ಲಿರುವುದು ಚಿಕ್ಕ ಆರೋಗ್ಯ ಕೇಂದ್ರ. ದೊಡ್ಡ ಆಸ್ಪತ್ರೆ ಅಂದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್. ಎದೆನೋವು, ಉಸಿರಾಟದ ತೊಂದರೆ ಇರುವವರು ನಿಮ್ಮ ಡಾಕ್ಟರ್ ಹೇಳಿದ ಮೇಲೇ ಹೊರಡಿ. ಬರಲಾಗದಿದ್ದರೆ ಅಕ್ಕ ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ, ಬೀಗರೂಟಕ್ಕೆ ಬಂದು ಮಕ್ಕಳನ್ನು ಹರಸಿ.

ಜೊತೆಗೆ ಬರುವ ಯುವಕ ಯುವತಿಯರಿಗೆ ಎರಡು ಮಾತು. ಸ್ಕೂಬಾ ಮಾಡುವುದಾದರೆ ಬಂದ ಮೊದಲ ದಿನಗಳಲ್ಲೇ ಮುಗಿಸಿ. ನೀರಿನಾಳದಿಂದ ಬಂದ ಮೇಲೆ ದೇಹದಲ್ಲಿ ಸೇರಿಕೊಂಡ ಸಾರಜನಕ ಹೊರಗೆ ಹೋಗಲು ಸಮಯ ಬೇಕು, 24 ಗಂಟೆ ವಿಮಾನ ಹತ್ತಬಾರದು. ತೀರದಲ್ಲಿ ಬಿದ್ದಿರುವ ಹವಳ, ಚಿಪ್ಪು ಎಷ್ಟೇ ಚೆಂದ ಕಂಡರೂ ಚೀಲಕ್ಕೆ ಹಾಕಬೇಡಿ. ಸತ್ತ ಹವಳವನ್ನು ಒಯ್ಯುವುದೂ ಅಪರಾಧ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ.

ವಿಮಾನ ಬುಕ್ ಆದ ದಿನವೇ ಟಿಕೆಟ್ ಫೋಟೋ, ಆಧಾರ್‌ನಲ್ಲಿರುವ ಹೆಸರು, ವಯಸ್ಸು ನನಗೆ ವಾಟ್ಸಾಪ್ ಮಾಡಿ. ಹಡಗಿನ ಸೀಟು ನಾನೇ ಒಟ್ಟಿಗೆ ಮಾಡಿಸುತ್ತೇನೆ. ವೀಲ್‌ಚೇರ್ ಬೇಕಾದವರು ಸಂಕೋಚ ಪಡದೆ ಈಗಲೇ ಹೇಳಿ.